ನಾನು ಹುಟ್ಟಿಸಿದ ಸಮ್ಮತಪತ್ರ

ಪಂಚಾಯತಿ ಕಚೇರಿಯ ಕೌಂಟರಿನ ಒಳಬದಿಯಲ್ಲಿ ಕೂತು ಮೂವತ್ತು ವರ್ಷ ಕಳೆದವನಿಗೆ ಹೊರಬದಿಯಲ್ಲಿ ನಿಲ್ಲುವುದು ಗೊತ್ತಿರುವುದಿಲ್ಲ. ಕಾಲು ನೋಯುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಕಳೆದ ಸೋಮವಾರ ನನಗೆ ಎರಡೂ ಆಯಿತು.

ಗಡಿಯಂಚಿನ ಮಲಯಾಳ ನಾಡಿನಲ್ಲಿರುವ ನಮ್ಮೂರು ಮುಳ್ಳುಗದ್ದೆಯ ಭಜನೆ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಬೇಕೆಂದು ಕಟ್ಟಡ ಪರವಾನಗಿಯ ಅರ್ಜಿ ಹಿಡಿದು ಹೋಗಿದ್ದೆ. ನನ್ನ ಹಳೆಯ ಕುರ್ಚಿಯಲ್ಲಿ ಈಗ ಸೌಮ್ಯ ಎಂಬ ಹುಡುಗಿ ಕೂರುತ್ತಾಳೆ. ಹೊಸ ಓವರ್ಸಿಯರ್. ತೋಲ್ಪೆಟ್ಟಿ ಕಡೆಯವಳು, ಮನೆಮಾತು ಕನ್ನಡ. ಅರ್ಜಿ, ನಕ್ಷೆ, ಜಾಗದ ದಾಖಲೆ ಎಲ್ಲವನ್ನೂ ಬೆರಳಿಟ್ಟು ನೋಡಿದಳು. ಕೆಲಸ ಬಲ್ಲವಳು ಎಂದು ಖುಷಿಯಾಯಿತು.

"ಎಲ್ಲಾ ಶರಿ ಉಂಟು ಸಾರೇ. ನೆರೆಯೋರ ಸಮ್ಮತಪತ್ರ ಒಂದಿಲ್ಲ" ಎಂದಳು.

"ಅದ್ಯಾಕೆ?"

"ಆರಾಧನಾಲಯ ಅಲ್ವಾ ಸಾರೇ. ಸುತ್ತ ಇರೋರೆಲ್ಲ ಒಪ್ಪು ಹಾಕಿದ ಕಾಗದ ಬೇಕು. ನಿಯಮ."

"ಯಾವ ನಿಯಮ? ಸಂಖ್ಯೆ ಹೇಳು."

ಅವಳು ಸಂಖ್ಯೆ ಹೇಳಲಿಲ್ಲ. ಡ್ರಾಯರ್ ಎಳೆದು ಒಂದು ಖಾಲಿ ನಮೂನೆ ತೆಗೆದು ನನ್ನ ಮುಂದೆ ಇಟ್ಟಳು. "ಇದೇ ನಮೂನೆ. ಮೊದಲಿಂದ ಹೀಗೇ ಅಂತೆ."

ಕಂಪ್ಯೂಟರಿನಲ್ಲಿ ಅಂದವಾಗಿ ಮುದ್ರಿಸಿದ್ದರು. ಆದರೆ ಮಲಯಾಳದ ಆ ವಾಕ್ಯ, ಕೆಳಗೆ ಸಹಿಗಾಗಿ ಬಿಟ್ಟ ಐದು ಚೌಕ, ಎಲ್ಲ ಹಾಗೆಯೇ ಇತ್ತು. ಐದೇ ಯಾಕೆ ಎಂದು ಕೇಳಿದರೆ ಆ ಕಚೇರಿಯಲ್ಲಿ ಹೇಳುವವರು ಯಾರೂ ಇಲ್ಲ. ನನಗೆ ಗೊತ್ತು. ಆ ಕಾಗದವನ್ನು ಹುಟ್ಟಿಸಿದವನು ನಾನು.

ಇದು ನಿಯಮವೇ ಅಲ್ಲ ಎಂದು ಅವಳ ಮೇಲೆ ಕೂಗಾಡಿದೆ. ಪಾಪ, ಅವಳ ತಪ್ಪೇನು? ಕೊನೆಗೆ ಅವಳೇ, "ಹಾಗಾದ್ರೆ ಬರ್ದು ಕೊಡಿ ಸಾರೇ, ನಮಗೂ ಗೊತ್ತಾಗ್ಲಿ" ಎಂದಳು. ಬರೆದು ಕೊಡುತ್ತೇನೆ ಕಣಮ್ಮ, ಅದಕ್ಕೇನು. ಕಚೇರಿಯಲ್ಲಿ ಮೂವತ್ತು ವರ್ಷ ಮಲಯಾಳದಲ್ಲಿ ಬರೆದೆ, ಒಂದು ವಾಕ್ಯವೂ ನನ್ನದಾಗಿರಲಿಲ್ಲ. ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ನಿನ್ನ ಹಿಂದೆ ಆ ಕುರ್ಚಿಗೆ ಬರುವವರಿಗೆ ನೀನು ಓದಿ ಹೇಳು. ನಾನು ಯಾವಾಗ ಯಾವ ದರ್ಜೆಗೆ ಏರಿದೆ ಎಂಬುದೆಲ್ಲ ಇದರಲ್ಲಿಲ್ಲ. ಅದು ನನ್ನ ಸರ್ವೀಸ್ ಪುಸ್ತಕದಲ್ಲಿದೆ, ಗೆದ್ದಲು ತಿಂದಿರದಿದ್ದರೆ. ಕಚೇರಿಯ ಹೆಸರನ್ನೂ ಬರೆಯುವುದಿಲ್ಲ. ಸತ್ತವರಿಗೆ ಈಗ ಯಾಕೆ ಮೆಮೋ?

ಮೊದಲು ಕೆಲಸದ ಮಾತು. ಟೇಪಿನ ಸೊನ್ನೆ ಇರುವ ತುದಿಯನ್ನು ಯಾರ ಕೈಗೂ ಕೊಡಬೇಡ. ಕೊಟ್ಟರೆ ಮನೆಯವನು ಅರ್ಧ ಅಡಿಯನ್ನು ಮುಷ್ಟಿಯಲ್ಲಿ ನುಂಗಿ ನಗುತ್ತಾ ನಿಲ್ಲುತ್ತಾನೆ. ಚಹಾವನ್ನು ಅಳತೆ ಮುಗಿದ ಮೇಲೆ ಕುಡಿ, ಮೊದಲೇ ಕುಡಿದರೆ ಅಳತೆ ಕುಗ್ಗುತ್ತದೆ. ಜಿಗಣೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ಗಂಟು ಸಾಕು. ನಾಯಿಗೆ ಮಾತ್ರ ಮದ್ದಿಲ್ಲ, ದೂರದಿಂದಲೇ ಮನೆಯವರನ್ನು ಕೂಗು. ಇವೆಲ್ಲವನ್ನೂ ಒಂದು ಮಳೆಗಾಲದಲ್ಲಿ ಕಲಿಯುತ್ತೀ. ಜಾಗಕ್ಕೆ ಹೋದ ಮೇಲೆ ಒಳಗೆ ಹೋಗಿ ಮಾತಾಡಬೇಕು ಎಂಬುದನ್ನು ಕಲಿಯಲು ನನಗೆ ಇಡೀ ನೌಕರಿ ಹಿಡಿಯಿತು.

ಸೇರಿದ ಎರಡನೇ ವರ್ಷವೋ ಮೂರನೆಯದೋ. ಬೆಟ್ಟದ ಮೇಲೆ ಅನ್ನಮ್ಮ ಚೇಟತ್ತಿ ಎಂಬ ಹೆಂಗಸು ಮನೆಗೆ ಸೇರಿಸಿ ಒಂದು ಕೋಣೆ ಎಳೆಯುತ್ತಿದ್ದಾಳೆ, ನೋಡಿ ಬಾ ಎಂದು ಕಳಿಸಿದರು. ಮಳೆಯಲ್ಲಿ ಏರಿ ಹೋದೆ. ಜಗಲಿಯ ಮುಂದೆ ಮೂವತ್ತು ನಲವತ್ತು ಜೊತೆ ಚಪ್ಪಲಿ. ಒಳಗಿಂದ ಪ್ರಾರ್ಥನೆಯ ಧ್ವನಿ. ನಮ್ಮ ಕೇರಿಯಲ್ಲಿ ಮನೆಯ ಹೊರಗೆ ಅಷ್ಟು ಚಪ್ಪಲಿ ಬಿದ್ದಿದ್ದರೆ ಒಳಗೆ ದೇವರು ಇರಬೇಕು, ಇಲ್ಲ ಹೆಣ ಇರಬೇಕು. ಪ್ರಾರ್ಥನೆ ಮಾಡುವವರನ್ನು ಎಬ್ಬಿಸಲು ಸಂಕೋಚವಾಗಿ ಹೊರಗಿನಿಂದಲೇ ಅಳೆದು ಚಪ್ಪಲಿ ಎಣಿಸಿ ಇಳಿದು ಬಂದೆ. ವರದಿಯಲ್ಲಿ, ಸದರಿ ಕಟ್ಟಡವನ್ನು ಆರಾಧನಾಲಯವಾಗಿ ಬಳಸುತ್ತಿರುವುದು ಕಂಡುಬಂದಿದೆ ಎಂದು ಬರೆದೆ. ನನ್ನ ಚುರುಕುತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅನುಮತಿಯಿಲ್ಲದೆ ಆರಾಧನಾಲಯ ನಡೆಸುತ್ತಿದ್ದೀರಿ ಎಂದು ಅವಳಿಗೆ ನೋಟೀಸು ಹೋಯಿತು. ಮೂರನೇ ದಿನ ಆ ಹೆಂಗಸು ನೋಟೀಸು ಹಿಡಿದು ಕಚೇರಿಗೆ ಬಂದಳು. ಮಲಯಾಳದಲ್ಲಿ ಅವಳು ಆಡಿದ ಮಾತು ಇದು:

"ನನ್ನ ಗಂಡ ಸತ್ತು ನಲವತ್ತೊಂದನೇ ದಿನ ಇತ್ತು. ನೆಂಟರು ಬಂದು ಜಪ ಮಾಡಿದರು, ಗಂಜಿ ಕುಡಿದು ಹೋದರು. ಆ ಕೋಣೆ ನನ್ನ ಅತ್ತೆಗೆ, ಅವಳಿಗೆ ಕಾಲಿಲ್ಲ. ನನ್ನ ಅಡುಗೆಮನೆ ಯಾವಾಗ ಪಳ್ಳಿ ಆಯಿತು ಸಾರೇ? ಪಾದ್ರಿಗೂ ಗೊತ್ತಿಲ್ಲವಲ್ಲ?"

ಕಚೇರಿಯೆಲ್ಲ ನಕ್ಕಿತು. ಅವಳು ನಗಲಿಲ್ಲ, ಕಣ್ಣು ತುಂಬಿಕೊಂಡಿತ್ತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಗಿನ ಸೆಕ್ರೆಟರಿ ಘಟ್ಟದ ಕೆಳಗಿನಿಂದ ಬಂದವರು. ಸದಾ ಬಾಯಲ್ಲಿ ವೀಳ್ಯ, ಮನಸ್ಸಿನಲ್ಲಿ ವರ್ಗಾವಣೆ. ನೋಟೀಸು ಹಿಂದೆ ತೆಗೆದುಕೊಂಡು ನನ್ನನ್ನು ಒಳಗೆ ಕರೆದರು. "ಚೆನ್ನಪ್ಪಾ, ದೇವರ ಫೈಲು ಮುಟ್ಟಿದರೆ ಕೈ ಸುಡುತ್ತದೆ. ಅದು ಕಲೆಕ್ಟರ್ ಕಚೇರಿಗೆ ಹೋಗಬೇಕು, ಪೊಲೀಸರು ಬರೆಯಬೇಕು, ತಹಶೀಲ್ದಾರರು ಬರೆಯಬೇಕು. ಎಲ್ಲಾದರೂ ಗಲಾಟೆಯಾದರೆ ಮೊದಲು ಕೇಳುವುದು, ಜಾಗ ನೋಡಿ ಬಂದವನು ಯಾರು ಅಂತ. ಇನ್ನು ಮೇಲೆ ನಿನ್ನ ತಲೆ ಉಳಿಸಿಕೊಳ್ಳುವ ದಾರಿ ನೀನೇ ನೋಡಿಕೋ."

ನೋಡಿಕೊಂಡೆ. ಸ್ವಲ್ಪ ದಿನದಲ್ಲೇ ಅದೇ ಬೆಟ್ಟದವರು ಸಣ್ಣದೊಂದು ಶಿಲುಬೆಯ ಗುಡಿ ಕಟ್ಟುತ್ತೇವೆಂದು ಅರ್ಜಿ ಹಾಕಿದರು. ನಾನು ಟೈಪ್‌ರೈಟರಿನ ಮುಂದೆ ಕೂತು ನನ್ನ ಬುದ್ಧಿಯಿಂದಲೇ ಒಂದು ಕಾಗದ ಮಾಡಿದೆ. ಈ ಕೆಳಗೆ ಸಹಿ ಮಾಡಿದ ನೆರೆಯವರಾದ ನಮಗೆ ಸದರಿ ಆರಾಧನಾಲಯ ಕಟ್ಟುವುದರಲ್ಲಿ ಪೂರ್ಣ ಸಮ್ಮತಿಯಿದೆ, ಇಷ್ಟೇ. ಆ ಜಾಗಕ್ಕೆ ಐದು ಮಂದಿ ನೆರೆಯವರಿದ್ದರು, ಐದು ಚೌಕ ಹಾಕಿದೆ. ಐವರೂ ಅದೇ ಸಭೆಯವರು, ಚಹಾ ಆರುವ ಮೊದಲೇ ಸಹಿ ಹಾಕಿಕೊಟ್ಟರು. ಫೈಲು ಸಲೀಸಾಗಿ ಹೋಯಿತು. ಸೆಕ್ರೆಟರಿ, "ಭಲೆ! ಇದನ್ನೇ ಪದ್ಧತಿ ಮಾಡು" ಎಂದರು. ಆ ಮನುಷ್ಯ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಉಬ್ಬಿಹೋಗಿ ನೂರು ಪ್ರತಿ ತೆಗೆಸಿ ಡ್ರಾಯರಿನಲ್ಲಿಟ್ಟೆ.

ನಿಯಮದ ಪುಸ್ತಕದಲ್ಲಿ ಅಂಥ ಕಾಗದವೇ ಇರಲಿಲ್ಲ. ರಸ್ತೆಯಿಂದ ಎಷ್ಟು ಬಿಡಬೇಕು, ಬೇಲಿಯಿಂದ ಎಷ್ಟು ಬಿಡಬೇಕು, ಶೌಚಾಲಯ ಎಲ್ಲಿರಬೇಕು ಎಂದಿತ್ತು. ಪಕ್ಕದವನು ಒಪ್ಪಿದರೆ ಮಾತ್ರ ನೀನು ಪ್ರಾರ್ಥನೆ ಮಾಡಬಹುದು ಎಂದು ಎಲ್ಲೂ ಇರಲಿಲ್ಲ. ಆದರೆ ಹತ್ತು ವರ್ಷ ಒಂದೇ ಡ್ರಾಯರಿನಲ್ಲಿದ್ದ ಕಾಗದಕ್ಕೆ ನಿಯಮದ ಮುಖ ಬಂದುಬಿಡುತ್ತದೆ. ನಾನು ಬೇರೆ ಪಂಚಾಯತಿಗೆ ಹೋದೆ, ಮತ್ತೆ ಬಂದೆ. ಕಾಗದ ಅಲ್ಲೇ ಇತ್ತು.

ಇನ್ನೊಂದನ್ನೂ ಬರೆದುಬಿಡುತ್ತೇನೆ, ಬಿಟ್ಟರೆ ಇದೆಲ್ಲ ಬೂಟಾಟಿಕೆಯಾಗುತ್ತದೆ. ಆ ವರ್ಷಗಳಲ್ಲೇ ನಮ್ಮೂರಿನ ಭಜನೆ ಮನೆಗೆ ಗೋಡೆ ಎಬ್ಬಿಸಿ ತಗಡು ಹಾಕಿದೆವು. ಭಾನುವಾರ ಟೇಪು ಹಿಡಿದು ಪಾಯದ ಗೆರೆ ಹಾಕಿಕೊಟ್ಟವನು ನಾನೇ. ಅರ್ಜಿಯಿಲ್ಲ, ನಕ್ಷೆಯಿಲ್ಲ, ಯಾರ ಸಮ್ಮತಪತ್ರವೂ ಇಲ್ಲ. ನಮ್ಮ ಹಿರಿಯರು ಗಡಿಯ ಆಚೆಯಿಂದ ಬಂದು ಗದ್ದೆ ಮಾಡಿದ ಊರು, ನಮ್ಮ ದೇವರು, ಅದಕ್ಕೆ ಅರ್ಜಿ ಯಾಕೆ? ಅರ್ಜಿ ಬೇಕಾದೀತು ಎಂದು ನನಗೆ ಹೊಳೆಯಲೇ ಇಲ್ಲ. ಬೇರೆಯವರ ಜಾಗಕ್ಕೆ ಹೋದಾಗ ಮಾತ್ರ ನಾನು ಓವರ್ಸಿಯರ್ ಆಗಿರುತ್ತಿದ್ದೆ.

ಈಗ ಬೀರಾನಿಕ್ಕನ ಕಥೆ. ಮುಳ್ಳುಗದ್ದೆಯ ಕವಲಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವ ಬೀರಾನಿಕ್ಕ ನನಗಿಂತ ಹತ್ತು ವರ್ಷ ದೊಡ್ಡವನು. ಅವನ ಅಪ್ಪನ ಕಾಲದಿಂದ ನಮ್ಮೂರಿನಲ್ಲಿದ್ದಾರೆ. ಮಲಯಾಳ ಬೆರೆತ ನಮ್ಮ ಕನ್ನಡವನ್ನು ನಮಗಿಂತ ರುಚಿಯಾಗಿ ಆಡುತ್ತಾನೆ. ಸುತ್ತಮುತ್ತ ಅವನ ಜನರ ಹತ್ತು ಹನ್ನೊಂದು ಮನೆಗಳಿವೆ, ಕೂಲಿಯವರು, ಸಣ್ಣ ವ್ಯಾಪಾರದವರು. ಹತ್ತಿರದ ಮಸೀದಿಗೆ (ಇಗರ್ಜಿಯ ಹಾಗೆ ಅದಕ್ಕೂ ಇಲ್ಲಿ ಪಳ್ಳಿ ಎಂದೇ ಹೆಸರು) ಕಾಡಿನ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ನಡೆಯಬೇಕು. ಬೆಳಗಿನ ನಮಾಜಿಗೆ ಕತ್ತಲಿರುವಾಗಲೇ ಹೊರಡಬೇಕು, ಆನೆ ರಸ್ತೆ ದಾಟುವ ಹೊತ್ತೂ ಅದೇ. ಒಂದು ದಿನ ಬಿದಿರಿನ ತಿರುವಿನಲ್ಲಿ ಒಂಟಿ ಸಲಗ ಎದುರಾಗಿ, ಬೀರಾನಿಕ್ಕ ಚರಂಡಿಗೆ ಹಾರಿ ಬಲಗೈ ಮುರಿದುಕೊಂಡ. ಕೈ ಕೂಡಿತು, ಸೊಟ್ಟಗೆ ಕೂಡಿತು.

ಕೈಗೆ ಕಟ್ಟಿದ ಪಟ್ಟಿ ಬಿಚ್ಚುವ ಮೊದಲೇ ಅರ್ಜಿ ತಂದ. ಅಂಗಡಿಯ ಹಿಂದೆ ಅವನ ಸ್ವಂತ ಜಾಗದಲ್ಲಿ ಇಪ್ಪತ್ತು ಮಂದಿ ನಿಲ್ಲುವಷ್ಟು ಒಂದು ನಮಾಜಿನ ಕೋಣೆ. ಗೋಪುರ ಇಲ್ಲ.

"ಮೈಕು?" ಎಂದೆ.

"ಮೈಕ್ ಯಾಕೆ ಸಾರೇ? ಮೇಲಿರೋ ಪಡಚೋನಿಗೆ ಕಿವಿ ಚೆನ್ನಾಗೇ ಕೇಳ್ತದೆ. ಆನೆಗೆ ಕೇಳದಿದ್ರೆ ಸಾಕು."

ನಗುತ್ತಾ ಡ್ರಾಯರ್ ಎಳೆದು ನಮೂನೆ ಕೊಟ್ಟೆ. ಅವನ ಜಾಗಕ್ಕೆ ನಾಲ್ವರು ನೆರೆಯವರು. ಮೂವರು ಸಹಿ ಹಾಕಿದರು. ನಾಲ್ಕನೆಯವನು ಕಾಳಜ್ಜ, ಬೆಟ್ಟಕುರುಬರ ಹಿರಿಯ, ಅಂಗಡಿಯ ಹಿಂದಿನ ಹಾಡಿಯವನು. ಬೀರಾನಿಕ್ಕ ಎರಡು ಸಲ ಹೋದರೂ ಹೆಬ್ಬೆಟ್ಟು ಒತ್ತಲಿಲ್ಲ. ನಾನೂ ಹೋದೆ. ಬೇಲಿಯಾಚೆಯಿಂದ, "ಅಜ್ಜಾ, ಒತ್ತೀಯೋ ಇಲ್ವೋ?" ಎಂದೆ. "ಇಲ್ಲ ಕಣಪ್ಪ" ಎಂದ. ಬಿಸಿಲು ಜಾಸ್ತಿಯಿತ್ತು, ಕಾಟ್ಟಿಕುಳದ ಬಸ್ಸು ಹೊರಡುವ ಹೊತ್ತಾಗಿತ್ತು, ಬಂದುಬಿಟ್ಟೆ. ಯಾಕೆ ಎಂದು ಕೇಳಲಿಲ್ಲ. ಚಪ್ಪಲಿ ಎಣಿಸಿ ಬಂದ ದಿನದಿಂದ ನಾನು ಒಂದಕ್ಷರ ಮುಂದೆ ಕಲಿತಿರಲಿಲ್ಲ.

ವರದಿಯಲ್ಲಿ ಬರೆದದ್ದು ಒಂದು ಸಾಲು: ನೆರೆಯವರಲ್ಲಿ ಒಬ್ಬರು ಸಹಿ ಹಾಕಲು ನಿರಾಕರಿಸಿರುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರೇ ಕಚೇರಿಗಳಲ್ಲಿರುವುದು. ಗುಮಾಸ್ತರ ಟಿಪ್ಪಣಿಯಲ್ಲಿ ಅದು ನೆರೆಯವರ ಆಕ್ಷೇಪವಾಯಿತು. ಮುಂದಿನ ಮೇಜಿನಲ್ಲಿ ಸ್ಥಳೀಯರ ವಿರೋಧವಾಯಿತು. ಇನ್ನೂ ಮೇಲೆ ಹೋದಾಗ ಶಾಂತಿಭಂಗದ ಸಾಧ್ಯತೆಯಾಯಿತು. ಮುಳ್ಳುಗದ್ದೆಯಲ್ಲಿ ಶಾಂತಿ ಭಂಗವಾಗುವುದು ಆನೆ ಬಂದಾಗ, ಇಲ್ಲ ನನ್ನ ಭಾವ ಸಿದ್ದಪ್ಪ ಭಜನೆಗೆ ಶ್ರುತಿ ಹಿಡಿದಾಗ. ಆದರೂ ವಿರೋಧವಿದೆ ಎಂದು ಕಾಗದ ಹೇಳಿದ ಮೇಲೆ ವಿರೋಧಿಸುವವರು ಹುಟ್ಟದೇ ಇರುತ್ತಾರೆಯೇ? ನಮ್ಮೂರಿಗೆ ಕಾಲಿಡದವರ ಸಹಿಗಳಿದ್ದ ಒಂದು ದೊಡ್ಡ ಮನವಿ ಬಂತು. ಅದರಲ್ಲಿ ನಮ್ಮೂರಿನದು ಒಂದೇ ಹೆಸರು, ಸಿದ್ದಪ್ಪನದು. ನನ್ನ ಹೆಂಡತಿಯ ಅಣ್ಣ, ಭಜನೆ ಮನೆಯ ಅಧ್ಯಕ್ಷ.

"ಯಾಕೆ ಹಾಕಿದೆ ಮಾರಾಯ?" ಎಂದು ಕೇಳಿದೆ.

"ಜನ ಬಂದು ಕೇಳಿದ್ರು, ಹಾಕಿದೆ. ಹೇಗೂ ವಿರೋಧ ಉಂಟು ಅಂತ ನಿಮ್ಮ ಆಫೀಸೇ ಬರ್ದಿದೆಯಲ್ಲ?"

ಫೈಲು ಎರಡು ವರ್ಷ ಅಲ್ಲಿ ಇಲ್ಲಿ ಕೂತಿತು. ಬೀರಾನಿಕ್ಕ ಸೋಮವಾರ ಸೋಮವಾರ ಬಂದು ಕೌಂಟರಿನ ಹೊರಗೆ ನಿಲ್ಲುತ್ತಿದ್ದ. ಬೆಂಚು ತೋರಿಸಿದರೆ, "ಕೂತ್ರೆ ನೀವು ಮರೀತೀರಿ" ಎನ್ನುತ್ತಿದ್ದ. ಕಾಡಿನ ದಾರಿ ಬಿಟ್ಟಿದ್ದ. ಶುಕ್ರವಾರ ಬಸ್ಸಿನಲ್ಲಿ ಪಳ್ಳಿಗೆ ಹೋಗುತ್ತಿದ್ದ, ಉಳಿದ ದಿನ ಬೆಳಗಿನ ಹೊತ್ತು ಅಂಗಡಿಯ ಅಕ್ಕಿ ಮೂಟೆಗಳ ಮಧ್ಯೆ ಚಾಪೆ ಹಾಸಿಕೊಳ್ಳುತ್ತಿದ್ದ. ಒಂದು ಸೋಮವಾರ ಹೇಳಿದ:

"ಒಬ್ಬನೇ ನಿಂತು ನಿಂತು ಬೇಜಾರಾಯ್ತು ಸಾರೇ. ನಮಾಜಿಗೆ ಹೆಗಲಿಗೆ ಹೆಗಲು ತಾಗ್ಬೇಕು. ನನ್ನ ಹೆಗಲಿಗೆ ಅಕ್ಕಿ ಮೂಟೆ ತಾಗ್ತದೆ."

"ನಾನೇನು ಮಾಡ್ಲಿ? ಕಾಳಜ್ಜ ಒಪ್ಪು ಹಾಕಿಲ್ಲ, ನಿಯಮ."

"ಹೌದಾ?" ಎಂದ. ಧ್ವನಿ ಏರಿಸಲಿಲ್ಲ. "ಒಂದು ಕೇಳ್ತೀನಿ, ಸಿಟ್ಟಾಗ್ಬೇಡಿ. ನಿಮ್ಮ ಭಜನೆ ಮನೆಯ ಪಡುವಣ ಬೇಲಿ ನಂದು. ಅದು ಕಟ್ಟುವಾಗ ನನ್ನ ಒಪ್ಪು ಯಾರೂ ಕೇಳ್ಲಿಲ್ಲ. ಕೇಳಿದ್ರೆ ಹಾಕ್ತಿದ್ದೆ. ಆದ್ರೆ ಕೇಳ್ಲಿಲ್ಲ. ನಿಯಮ ಆಮೇಲೆ ಬಂತಾ ಸಾರೇ?"

ನಾನು ಸಿಟ್ಟಾದೆ. ತಪ್ಪಿತಸ್ಥನಿಗೆ ಬರುವ ಸಿಟ್ಟು ಬೇರೆಯೇ ತರಹದ್ದು. ಎದ್ದು ನಿಂತು, "ಹೊರಗೆ ಹೋಗು, ಆಫೀಸಿನಲ್ಲಿ ರಾಜಕೀಯ ಮಾತಾಡ್ಬೇಡ" ಎಂದು ಅಬ್ಬರಿಸಿದೆ. ಅವನು ಸೊಟ್ಟ ಕೈಯಲ್ಲಿ ಕೊಡೆ ಎತ್ತಿಕೊಂಡು ಹೋದ. ಮಧ್ಯಾಹ್ನ ಬುತ್ತಿ ಬಿಚ್ಚಿ ಹಾಗೇ ಮುಚ್ಚಿಟ್ಟೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಇನ್ಯಾವತ್ತೂ ಆಗಿಲ್ಲ.

ಮರುದಿನ ರಜೆ ಹಾಕಿ ಕಾಳಜ್ಜನ ಹಾಡಿಗೆ ಹೋದೆ. ಈ ಸಲ ಬೇಲಿ ದಾಟಿ ಒಳಗೆ ಹೋಗಿ ನೆಲದ ಮೇಲೆ ಕೂತೆ. ಅಜ್ಜ ಬಿದಿರು ಸೀಳುತ್ತಿದ್ದ. ನನ್ನ ಕೈಯಲ್ಲಿ ಕಾಗದವಿದೆಯೇ ಎಂದು ಮೊದಲು ನೋಡಿದ.

"ಇಲ್ಲ ಅಜ್ಜ, ಇವತ್ತು ಬರಿಗೈ. ಬೀರಾನಿಕ್ಕನ ಮೇಲೆ ನಿಂಗೇನು ಕೋಪ?"

"ಕೋಪವಾ? ಅವನ ಅಂಗಡಿ ಬೀಡಿ ಸೇದ್ಕೊಂಡು ಇಷ್ಟು ವರ್ಷ ಬದುಕಿವ್ನಿ. ಕೋಪ ಯಾಕಪ್ಪ?"

"ಮತ್ತೆ ಯಾಕೆ ಒತ್ತಲಿಲ್ಲ?"

ಕತ್ತಿ ಕೆಳಗಿಟ್ಟು ಎಡಗೈ ಹೆಬ್ಬೆರಳು ಎತ್ತಿ ತೋರಿಸಿದ. "ಇದನ್ನ ಒತ್ತಿದ್ದು ಒಂದೇ ಸಲ. ಸಣ್ಣೋನಿದ್ದೆ. ಅಕ್ಕಿ ಕೊಡ್ತೀವಿ, ಒತ್ತು ಅಂದ್ರು. ಅಕ್ಕಿ ಮೂರು ದಿನ ಬಂತು. ಗದ್ದೆ ಆವತ್ತೇ ಹೋಯ್ತು. ಆಮೇಲೆ ಒತ್ತಿಲ್ಲ, ಸಾಯೋವರೆಗೂ ಒತ್ತಲ್ಲ."

ಅಜ್ಜ ಬಿದಿರನ್ನು ಮತ್ತೆ ಕೈಗೆ ತೆಗೆದುಕೊಂಡ.

"ಅದಲ್ದೆ, ನೀನು ಓದ್ದೋನು, ನೀನೇ ಹೇಳು. ಅವನ ದ್ಯಾವ್ರು ಅವನ ಜಾಗದಾಗೆ ಕೂರೋಕೆ ಅಪ್ಪಣೆ ಕೊಡಾಕೆ ನಾನ್ಯಾರು? ನಮ್ಮ ದ್ಯಾವ್ರ ಕಲ್ಲು ಆ ಮರದ ಕೆಳಗೆ ಐತೆ. ಈಗ ಅಲ್ಲಿಗೆ ಹೋಗೋಕೂ ಫಾರೆಸ್ಟ್ ಗಾರ್ಡನ ಕೇಳ್ಬೇಕು. ನಾಳೆ ನೀನು ಬಂದು, ಪಕ್ಕದೋರ ಒಪ್ಪು ತತ್ತಾ, ಇಲ್ದಿದ್ರೆ ಕಲ್ಲು ಎತ್ತು ಅಂತೀಯ. ಇಂಥ ಕಾಗದ ಯಾವ ಬುದ್ಧಿವಂತ ಮಾಡಿದ್ನಪ್ಪ?"

"ನಾನೇ ಅಜ್ಜ."

ಅಜ್ಜ ನನ್ನನ್ನು ನೋಡಿ ಹೋ ಎಂದು ನಕ್ಕ. ಹಲ್ಲಿಲ್ಲದ ಬಾಯಿ ಪೂರ್ತಿ ಕಂಡಿತು. ನೀನು ಹೇಳಿದ್ದನ್ನೆಲ್ಲ ಬರೆದುಕೊಳ್ಳಲೇ ಎಂದು ಕೇಳಿದೆ.

"ಬರ್ಕೋ. ಆದ್ರೆ ನಾನು ಒತ್ತಲ್ಲ. ನೀನೇ ಬರೀ, ನೀನೇ ಒತ್ತು."

ನೇರ ಕಚೇರಿಗೆ ಹೋದೆ, ರಜೆಯಲ್ಲಿದ್ದರೂ. ಆಗಿನ ಸೆಕ್ರೆಟರಿ ಬೇರೆಯವರು, ಚಿಕ್ಕ ವಯಸ್ಸಿನವರು, ಪ್ರಾಮಾಣಿಕರು, ಹೆದರುವವರು. ಫೈಲಿನಲ್ಲಿ ಟಿಪ್ಪಣಿ ಬರೆದು ಅವರ ಮುಂದಿಟ್ಟೆ. ಸಮ್ಮತಪತ್ರ ಎಂಬ ಈ ಕಾಗದಕ್ಕೆ ನಿಯಮದ ಆಧಾರವಿಲ್ಲ. ಇದನ್ನು ಈ ಕಚೇರಿಯಲ್ಲಿ ತಯಾರಿಸಿದವನು ನಾನು. ಹೆಬ್ಬೆಟ್ಟು ಒತ್ತದ ನೆರೆಯವರಿಗೆ ಪ್ರಾರ್ಥನೆಯ ಕೋಣೆಯ ಬಗ್ಗೆ ಆಕ್ಷೇಪವಿಲ್ಲ, ಹೆಬ್ಬೆಟ್ಟಿನ ಬಗ್ಗೆ ಇದೆ. ನಿರಾಕರಣೆ ಎಂದು ನಾನು ಬರೆದ ಸಾಲಿನಿಂದಲೇ ವಿರೋಧ ಎಂಬ ಮಾತು ಹುಟ್ಟಿದೆ. ಆ ಸಾಲನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಅವರು ಓದಿ ಹಣೆ ಒತ್ತಿಕೊಂಡರು. "ಚೆನ್ನಪ್ಪಣ್ಣಾ, ನಿವೃತ್ತಿಗೆ ಒಂದು ವರ್ಷ ಇದೆ. ಇದು ನಿಮ್ಮ ಕುತ್ತಿಗೆಗೆ ಬರುತ್ತದೆ. ಹರಿದು ಹಾಕಿ, ನಾನು ನೋಡಿಲ್ಲ."

"ನೀವು ನೋಡಿದ್ದೀರಿ. ಪುಸ್ತಕದಲ್ಲಿ ಈ ಕಾಗದ ಎಲ್ಲಿದೆ ತೋರಿಸಿ, ಹರಿದು ಹಾಕುತ್ತೇನೆ" ಎಂದೆ.

ಎರಡು ದಿನ ಹುಡುಕಿದರು ಆ ಪುಣ್ಯಾತ್ಮ. ನಿಯಮ, ಸುತ್ತೋಲೆ, ಹಳೆಯ ಆದೇಶಗಳ ಕಟ್ಟು, ಎಲ್ಲ. ಮೂರನೇ ದಿನ, "ಇಲ್ಲ" ಎಂದು ಹೇಳಿ ಟಿಪ್ಪಣಿಯ ಕೆಳಗೆ ಸಹಿ ಹಾಕಿ ಮೇಲಕ್ಕೆ ಕಳಿಸಿದರು. ಅಂಥ ಮೇಲಧಿಕಾರಿ ನಿನಗೂ ಸಿಗಲಿ.

ಕುತ್ತಿಗೆಗೆ ಬಂದೇ ಬಂತು. ಅಧಿಕಾರವಿಲ್ಲದೆ ಇಂಥ ಕಾಗದವನ್ನು ಯಾಕೆ ಜಾರಿಗೆ ತಂದಿರಿ, ಕಾರಣ ವಿವರಿಸಿ ಎಂದು ಮೆಮೋ ಬಂತು. ರಾತ್ರಿಯೆಲ್ಲ ಯೋಚಿಸುವಂಥದ್ದೇನೂ ಅದರಲ್ಲಿರಲಿಲ್ಲ. ಒಂದೇ ಪದ ಬರೆದೆ: ಭಯದಿಂದ. ನನ್ನ ನೌಕರಿಯಲ್ಲಿ ನಾನು ಬರೆದ ಅತಿ ಚಿಕ್ಕ ಉತ್ತರ ಅದು, ಪೂರ್ತಿ ನಿಜವಾದದ್ದೂ ಅದೇ. ಎಚ್ಚರಿಕೆ ಕೊಟ್ಟು ಮುಗಿಸಿದರು. ಸಿದ್ದಪ್ಪ ಒಂದು ವರ್ಷ ನಮ್ಮ ಮನೆಗೆ ಬರಲಿಲ್ಲ. "ಬಿಡಿ, ಕಾಫಿಪುಡಿ ಉಳೀತು" ಎಂದಳು ನನ್ನ ಹೆಂಡತಿ, ತನ್ನ ಅಣ್ಣನ ಬಗ್ಗೆ.

ನಾನು ನಿವೃತ್ತನಾಗುವ ಮೂರು ತಿಂಗಳ ಮುಂಚೆ ಅನುಮತಿ ಬಂತು. ಕೋಣೆ ಎದ್ದಿತು. ಪಾಯಕ್ಕೆ ಗೆರೆ ಹಾಕುವಾಗ ನಾನು ಟೇಪಿನ ಸೊನ್ನೆಯ ತುದಿಯನ್ನು ಬೀರಾನಿಕ್ಕನ ಕೈಗೇ ಕೊಟ್ಟೆ. ಅವನು ನ್ಯಾಯವಾಗಿ ಹಿಡಿದ. ಕಾಳಜ್ಜ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಾ ನಮ್ಮಿಬ್ಬರಿಗೂ ಬುದ್ಧಿ ಹೇಳುತ್ತಿದ್ದ. ಈಗ ಬೆಳಗಿನ ಹೊತ್ತು ಆ ಕೋಣೆಯಲ್ಲಿ ಹತ್ತು ಹದಿನೈದು ಮಂದಿ ಹೆಗಲಿಗೆ ಹೆಗಲು ತಾಗಿಸಿ ನಿಲ್ಲುತ್ತಾರೆ. ಶಾಂತಿ ಇದುವರೆಗೆ ಭಂಗವಾಗಿಲ್ಲ.

ಆಮೇಲೆ ನಿಯಮವೂ ಬದಲಾಯಿತು. ದೇವರ ಕಟ್ಟಡದ ಅರ್ಜಿ ಈಗ ಮೊದಲಿನ ಹಾಗೆ ಊರೆಲ್ಲ ಅಲೆಯಬೇಕಾಗಿಲ್ಲ, ಪಂಚಾಯತಿಯೇ ತೀರ್ಮಾನಿಸುತ್ತದೆ. ಒಳ್ಳೆಯದಾಯಿತು, ನನ್ನ ಕಾಗದಕ್ಕೂ ತಿಥಿಯಾಯಿತು ಎಂದುಕೊಂಡಿದ್ದೆ. ನೋಡಿದರೆ ಯಾರೋ ಡ್ರಾಯರಿನಲ್ಲಿ ಉಳಿದಿದ್ದ ಪ್ರತಿಯನ್ನು ಕಂಡು, ಮೊದಲಿಂದ ಹೀಗೇ ಎಂದು ಮತ್ತೆ ಮುದ್ರಿಸಿದ್ದಾರೆ. ಮಾಡಿದ್ದುಣ್ಣೋ ಮಹರಾಯ.

ಭಜನೆ ಮನೆಯ ತಗಡು ಈ ಮಳೆಗಾಲ ಪೂರ್ತಿ ಸೋರಿತು. ಹೊಸದು ಕಟ್ಟೋಣ ಎಂದು ಸಭೆ ಸೇರಿದಾಗ, ಅರ್ಜಿ ಹಾಕಿ ಪರವಾನಗಿ ತೆಗೆದುಕೊಂಡೇ ಕಟ್ಟಬೇಕು ಎಂದೆ. ಸಿದ್ದಪ್ಪ ಹಾರಿಬಿದ್ದ. "ನಮ್ಮೂರಲ್ಲಿ ನಮ್ಮ ದೇವ್ರಿಗೆ ಪರ್ಮಿಟ್ಟಾ?" ಹೌದು, ಪರ್ಮಿಟ್ಟು. ಬೀರಾನಿಕ್ಕನ ದೇವರಿಗೆ ಬೇಕಾದದ್ದು ನಮ್ಮ ದೇವರಿಗೂ ಬೇಕು. ಇಲ್ಲವೆಂದರೆ ಪಾಯಕ್ಕೆ ಟೇಪು ಹಿಡಿಯಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದೆ. ಗೊಣಗುತ್ತಾ ಒಪ್ಪಿದರು. ಹಾಗೆ ನಾನು ನಿನ್ನ ಕೌಂಟರಿಗೆ ಬಂದದ್ದು.

ನೀನು ಕೊಟ್ಟ ನಮೂನೆಯನ್ನು ಮನೆಗೆ ತಂದು ಮೇಜಿನ ಮೇಲೆ ಬಿಸಾಡಿದ್ದೆ. ಸಿದ್ದಪ್ಪ ಅದನ್ನು ಎತ್ತಿಕೊಂಡು, "ಇಷ್ಟಕ್ಕೇ ನಿಮಗೆ ಸಿಟ್ಟಾ? ಬೀರಾನ್ ಹಾಕ್ತಾನೆ, ಪಾಪದೋನು" ಎಂದು ಅಂಗಡಿಗೆ ನಡೆದ. ಏನಾಗುತ್ತದೆ ನೋಡೋಣ ಎಂದು ನಾನೂ ಹಿಂದೆಯೇ ಹೋದೆ.

ಬೀರಾನಿಕ್ಕ ಕನ್ನಡಕ ಏರಿಸಿ ಕಾಗದವನ್ನು ಪೂರ್ತಿ ಓದಿದ. ನನ್ನ ಮುಖ ನೋಡಿದ, ಸಿದ್ದಪ್ಪನ ಮುಖ ನೋಡಿದ. ಇಬ್ಬರಿಗೂ ಚಹಾ ತರಿಸಿದ. ಆಮೇಲೆ ಕಾಗದವನ್ನು ಮಡಚಿ, ಪೆನ್ನನ್ನು ಅದರ ಮೇಲಿಟ್ಟು ಸಿದ್ದಪ್ಪನ ಕಡೆ ತಳ್ಳಿದ.

"ಒಪ್ಪು ಹಾಕೂದಿಲ್ಲ."

ಸಿದ್ದಪ್ಪನ ಮುಖ ಕಪ್ಪಾಯಿತು. "ಹಳೇದಕ್ಕೆ ಸೇಡು ತೀರಿಸ್ತೀಯಾ?"

"ಸೇಡಲ್ಲ ಸಿದ್ದಪ್ಪ. ಕಟ್ಟು. ಇವತ್ತೇ ಕಟ್ಟು. ಮರಳು ಇಳಿಸೋಕೆ ಜಾಗ ಇಲ್ದಿದ್ರೆ ನನ್ನ ಅಂಗಳದಾಗೆ ಹಾಕ್ಕೋ. ಆದ್ರೆ ನಿನ್ನ ದೇವ್ರಿಗೆ ಇವತ್ತು ನಾನು ಆಗ್ಲಿ ಅಂತ ಬರ್ದು ಕೊಟ್ರೆ, ನಾಳೆ ಬೇಡ ಅನ್ನೋ ಅಧಿಕಾರನೂ ನಂಗೆ ಬಂತಲ್ಲ? ಆ ಅಧಿಕಾರ ಯಾರ ಕೈಲಿದ್ರೆ ಏನಾಗ್ತದೆ ಅಂತ ನಾನು ಎರಡು ವರ್ಷ ಕೌಂಟರಲ್ಲಿ ನಿಂತು ನೋಡಿವ್ನಿ. ನಂಗೆ ಬೇಡ ಅದು."

ಸಿದ್ದಪ್ಪ ಚಹಾ ಕುಡಿದು ಮುಗಿಸಿದ. ಮನವಿಗೆ ಸಹಿ ಹಾಕಿದ್ದು ತಪ್ಪಾಯಿತು ಎಂದು ಬಾಯಿ ಬಿಟ್ಟು ಹೇಳುವ ಜಾತಿಯವನಲ್ಲ ಅವನು. "ಮರಳು ಬುಧವಾರ ಬರ್ತದೆ" ಎಂದಷ್ಟೇ ಹೇಳಿ ಎದ್ದ. ದಾರಿಯಲ್ಲಿ, ಸೋಮವಾರ ನಿಮ್ಮ ಜೊತೆ ನಾನೂ ಆಫೀಸಿಗೆ ಬರುತ್ತೇನೆ ಎಂದ.

ಇವತ್ತು ಭಾನುವಾರ. ಅರ್ಜಿ, ನಕ್ಷೆ, ಜಾಗದ ದಾಖಲೆ ಎಲ್ಲ ಕಟ್ಟಿಟ್ಟಿದ್ದೇನೆ, ಮೇಲೆ ಈ ಹಾಳೆಗಳು. ನೀನು ಕೊಟ್ಟ ನಮೂನೆಯೂ ಜೊತೆಗಿದೆ. ಅದರ ಐದು ಚೌಕಗಳ ಮೇಲೂ ಅಡ್ಡಗೆರೆ ಎಳೆದಿದ್ದೇನೆ. ಕೆಳಗೆ, ಇದನ್ನು ಹುಟ್ಟಿಸಿದವನು ಇದನ್ನು ಇಲ್ಲಿಗೆ ನಿಲ್ಲಿಸಿದ್ದಾನೆ ಎಂದು ಬರೆದು, ಹೆಂಡತಿಯ ಕಾಡಿಗೆ ಕೇಳಿ ತೆಗೆದುಕೊಂಡು ನನ್ನ ಎಡ ಹೆಬ್ಬೆಟ್ಟು ಒತ್ತಿದ್ದೇನೆ. ಕಾಳಜ್ಜನ ಮಾತು ನಡೆಯಿತು.

ಸೌಮ್ಯಾ, ನಾಳೆ ಹತ್ತು ಗಂಟೆಗೆ ನಾನು, ಸಿದ್ದಪ್ಪ, ಬೀರಾನಿಕ್ಕ ಮೂವರೂ ಬರುತ್ತೇವೆ. ಸಮ್ಮತಪತ್ರ ಇಲ್ಲದೆ ಅರ್ಜಿ ತೆಗೆದುಕೋ. ಆಗದು ಎಂದರೆ, ಯಾವ ನಿಯಮದಲ್ಲಿ ಆಗದು ಎಂದು ಬರೆದು ನಿನ್ನ ಸಹಿ ಹಾಕಿ ಕೊಡು. ಎರಡರಲ್ಲಿ ಒಂದು ಆಗುವವರೆಗೆ ನಾವು ಕೌಂಟರಿನ ಹೊರಗೆ ನಿಂತಿರುತ್ತೇವೆ. ಬೆಂಚು ತೋರಿಸಬೇಡ, ಕೂರುವುದಿಲ್ಲ.